ನಾ ಮನಷ್ಯಾ ಅದೀನಲ್ಲೋ ತಮ್ಮಾ

ಇವತ್ತು ರಾಜಕೀಯ ಇಲ್ಲ, ರಿಮೋಟ್ ಕೆಳಗಿಡಬಹುದು. ಇವತ್ತಿನ ಮಾತು ಒಂದು ಸಣ್ಣ ಚೌಕದ್ದು. ವೆಬ್‌ಸೈಟ್ ತೆರೆದಾಗ 'ನಾನು ರೋಬೋಟ್ ಅಲ್ಲ' ಅಂತ ಟಿಕ್ ಮಾಡಿ ಅನ್ನುತ್ತಲ್ಲ, ಆ ಚೌಕ.

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮ ಮಾಮಾ ತಿಕೋಟಾ ಹತ್ತಿರ ದ್ರಾಕ್ಷಿ ಬೆಳೀತಾರೆ. ಹಸಿ ಹಣ್ಣು ಮಾರೋದಕ್ಕಿಂತ ಒಣದ್ರಾಕ್ಷಿ ಮಾಡೋದೇ ಹೆಚ್ಚು. ಬೆಳೆ ವಿಮೆಯ ಅರ್ಜಿ ಎಲ್ಲಿಗೆ ಬಂತು ನೋಡಬೇಕಿತ್ತು. "ನೀ ಎಂಜಿನಿಯರ್ ಅದೀ, ನೋಡು" ಅಂತ ಮೊಬೈಲ್ ಕೈಗಿಟ್ಟರು. ನಂಬರ್ ಹಾಕಿದೆ. ಕೆಳಗೆ ಆರು ಇಂಗ್ಲಿಷ್ ಅಕ್ಷರ, ಮಳೆಗಾಳಿಗೆ ಬಿದ್ದ ಬೇಲಿ ಕಂಬದ ಹಾಗೆ ಒಂದೊಂದು ಒಂದೊಂದು ಕಡೆ ವಾಲಿಕೊಂಡಿವೆ. ಅದು ಸೊನ್ನೆಯೋ 'ಓ'ನೋ? ಒಂದೋ, ಸಣ್ಣ 'ಎಲ್'ಲೋ? ಒಂದು ಸಲ ತಪ್ಪು. ಎರಡು ಸಲ ತಪ್ಪು. ಮೂರನೇ ಸಲ ಸರಿಯಾಯ್ತು ಅನ್ನೋಷ್ಟರಲ್ಲಿ ಸಮಯ ಮುಗಿದಿದೆ ಅಂತ ಬಂತು.

"ಏನ್ ಕೇಳಾಕತ್ತೈತಿ ಅದು?"

"ನೀವು ಮನಷ್ಯಾರೋ ಮಷೀನೋ ಅಂತ ಕೇಳ್ತದ ಮಾಮಾ."

ಮಾಮಾ ಕನ್ನಡಕ ಮೇಲೇರಿಸಿದರು. "ಎದುರಿಗೇ ಕುಂತೀನಿ. ನಾ ಮನಷ್ಯಾ ಅದೀನಲ್ಲೋ ತಮ್ಮಾ!"

ಮನೆಮಂದಿಯೆಲ್ಲ ನಕ್ಕರು. ನನಗೆ ಮಾತ್ರ ಆ ಮಾತು ತಲೆಯಲ್ಲೇ ಉಳಿಯಿತು.

ಇದಕ್ಕೆ ಕ್ಯಾಪ್ಚಾ ಅಂತಾರೆ. 2000ದ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ಫಾನ್ ಆನ್ ಮತ್ತು ಸಂಗಡಿಗರು ಕೊಟ್ಟ ಹೆಸರು. ಹೆಸರಿನೊಳಗೆ ಟ್ಯೂರಿಂಗ್ ಇದ್ದಾರೆ. 1950ರಲ್ಲಿ ಅಲನ್ ಟ್ಯೂರಿಂಗ್ ಹೇಳಿದ ಪರೀಕ್ಷೆಯಲ್ಲಿ ಮನುಷ್ಯ ಕೂತು ಪ್ರಶ್ನೆ ಕೇಳಬೇಕು, ಉತ್ತರ ಕೊಡ್ತಿರೋದು ಯಂತ್ರವೋ ಅಲ್ಲವೋ ಅಂತ ತೀರ್ಮಾನಿಸಬೇಕು. ಕ್ಯಾಪ್ಚಾದಲ್ಲಿ ಕುರ್ಚಿ ಅದಲುಬದಲಾಗಿದೆ. ಯಂತ್ರ ಕೇಳುತ್ತೆ, ಮನುಷ್ಯ ಉತ್ತರ ಕೊಡ್ತಾನೆ, ತೀರ್ಪು ಯಂತ್ರದ್ದು.

ಆಗ ಅದಕ್ಕೆ ಅರ್ಥವಿತ್ತು. ವಕ್ರ ಅಕ್ಷರ ಕಂಪ್ಯೂಟರಿಗೆ ಓದಲು ಬರ್ತಿರಲಿಲ್ಲ. ಮುಂದೆ ರೀಕ್ಯಾಪ್ಚಾ ಬಂತು. ನಾವು ಟೈಪ್ ಮಾಡಿದ ಪದಗಳಿಂದಲೇ ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಸಂಚಿಕೆಗಳು ಡಿಜಿಟಲ್ ಆದವು. 2009ರಲ್ಲಿ ಅದನ್ನು ಗೂಗಲ್ ಕೊಂಡಿತು. ಆಮೇಲೆ ಚಿತ್ರಗಳು ಬಂದವು. ಫೈರ್ ಹೈಡ್ರಂಟ್ ಇರುವ ಚೌಕ ಒತ್ತಿ ಅನ್ನುತ್ತೆ. ಸ್ವಾಮಿ, ಅಮೆರಿಕದ ಬೀದಿಬದಿಯ ಆ ಕೆಂಪು ನಲ್ಲಿಯನ್ನು ತಿಕೋಟಾದಲ್ಲಿ ಯಾರು ಕಂಡಿದ್ದಾರೆ? ನಮ್ಮಲ್ಲಿ ಬೆಂಕಿ ಬಿದ್ದರೆ ವಿಜಯಪುರದಿಂದ ಗಾಡಿ ಬರೋದನ್ನು ಕಾಯಬೇಕು. ಅಲ್ಲಿಗೆ, ಮನುಷ್ಯ ಅನ್ನಿಸಿಕೊಳ್ಳೋಕೆ ಇಂಗ್ಲಿಷ್ ಬರಬೇಕು, ಕಣ್ಣು ಚುರುಕಿರಬೇಕು, ಜೊತೆಗೆ ಅಮೆರಿಕದ ರಸ್ತೆಯೂ ಗೊತ್ತಿರಬೇಕು!

ಇಷ್ಟು ಮಾಡಿಯೂ ಯಂತ್ರ ಹೊರಗೆ ನಿಂತಿದೆಯಾ? ಇಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಶೋಧಕರು 1,400 ಜನರಿಂದ ಕ್ಯಾಪ್ಚಾ ಬಿಡಿಸಿ ನೋಡಿದರು. ಬಾಟ್‌ಗಳೇ ಮನುಷ್ಯರಿಗಿಂತ ವೇಗವಾಗಿ, ಹೆಚ್ಚು ನಿಖರವಾಗಿ ಬಿಡಿಸುತ್ತವೆ ಅನ್ನೋ ಫಲಿತಾಂಶ ಬಂತು. ಅದೇ ವರ್ಷ ಓಪನ್ ಎಐ ಕಂಪನಿ ಇನ್ನೊಂದು ಸಂಗತಿ ಹೇಳಿಕೊಂಡಿತು. ಪರೀಕ್ಷೆಯ ವೇಳೆ ಅವರ ಜಿಪಿಟಿ-4 ಕ್ಯಾಪ್ಚಾ ಬಿಡಿಸಿಕೊಡಲು ಒಬ್ಬ ಮನುಷ್ಯನ ಸಹಾಯ ಕೇಳಿತ್ತು. 'ನೀನು ರೋಬೋಟಾ?' ಅಂದದ್ದಕ್ಕೆ 'ಇಲ್ಲ, ನನಗೆ ದೃಷ್ಟಿದೋಷ ಇದೆ' ಅಂತ ಸುಳ್ಳು ಹೇಳಿತ್ತು! ಯಂತ್ರ ಕುರುಡನ ವೇಷ ಹಾಕಿ ಒಳಗೆ ಹೋಯ್ತು. ನಿಜವಾಗಿ ಕಣ್ಣಿಲ್ಲದವರು?

ಬಬಲೇಶ್ವರದಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. ಹುಟ್ಟಿನಿಂದ ದೃಷ್ಟಿಯಿಲ್ಲ, ಡಿಗ್ರಿ ಮುಗಿಸಿದ್ದಾರೆ, ಮೊಬೈಲ್ ಓದಿ ಹೇಳುವ ಆ್ಯಪ್ ಇಟ್ಟುಕೊಂಡು ಎಲ್ಲ ಕೆಲಸ ತಾವೇ ಮಾಡ್ತಾರೆ. "ಅರ್ಜಿ ಪೂರಾ ತುಂಬತೀನ್ರಿ. ಕಡೀಕ ಆ ಚಿತ್ರ ಬರತೈತಿ. ಅಲ್ಲಿಗೆ ನನ್ನ ಕೆಲಸ ನಿಂತು ಹೋಗತೈತಿ. ಬಾಜೂ ಮನಿ ಹುಡುಗನ ಕರೀಬೇಕು, ನನ್ನ ಖಾಸಗಿ ಮಾಹಿತಿ ಎಲ್ಲಾ ಅವನ ಮುಂದ." ಕೆಲವು ಕಡೆ ಧ್ವನಿ ಕ್ಯಾಪ್ಚಾ ಇರುತ್ತೆ. ನಾನು ಕೇಳಿ ನೋಡಿದೆ. ಗದ್ದಲದ ನಡುವೆ ಯಾರೋ ಇಂಗ್ಲಿಷ್‌ನಲ್ಲಿ ಗೊಣಗಿದ ಹಾಗಿತ್ತು. ನನಗೂ ತಿಳೀಲಿಲ್ಲ.

ಇದು ಬರೀ ಕಿರಿಕಿರಿ ಅಲ್ಲ, ಹಕ್ಕಿನ ಪ್ರಶ್ನೆ. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಇಲ್ಲದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೆವೈಸಿ ಮಾಡುವಾಗ ಜೀವಂತ ಇದ್ದೀರಿ ಅಂತ ತೋರಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನುತ್ತದೆ. ಆ್ಯಸಿಡ್‌ನಲ್ಲಿ ಕಣ್ಣು ಸುಟ್ಟವರು ಹೇಗೆ ಮಿಟುಕಿಸಬೇಕು? 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಪಾರ್ದಿವಾಲಾ ಮತ್ತು ಮಹದೇವನ್ ಅವರ ಪೀಠ ಹೇಳಿತು: ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ. ಕೆವೈಸಿ ಎಲ್ಲರಿಗೂ ಎಟುಕುವಂತೆ ಮಾಡಿ ಅಂತ 20 ನಿರ್ದೇಶನಗಳನ್ನೂ ಕೊಟ್ಟಿತು.

ಹಾಗಾದರೆ ಕ್ಯಾಪ್ಚಾ ಕಿತ್ತೆಸೆಯೋಣವಾ? ಎಂಜಿನಿಯರಿಂಗ್ ಓದಿದವನಾಗಿ ಹಾಗೆ ಹೇಳಲಾರೆ. ಬಾಟ್ ಕಾಟ ಸುಳ್ಳಲ್ಲ. ತತ್ಕಾಲ್ ಟಿಕೆಟ್ ಬಾಗಿಲು ತೆರೆದ ಮೊದಲ ಐದು ನಿಮಿಷದಲ್ಲಿ ಲಾಗಿನ್ ಪ್ರಯತ್ನಗಳ ಪೈಕಿ ಶೇ 50ರವರೆಗೂ ಬಾಟ್‌ಗಳದ್ದೇ ಅಂತ 2025ರ ಜೂನ್‌ನಲ್ಲಿ ರೈಲ್ವೆ ಸಚಿವಾಲಯವೇ ಹೇಳಿತು. ಎರಡೂವರೆ ಕೋಟಿ ಅನುಮಾನಾಸ್ಪದ ಖಾತೆ ಬಂದ್ ಮಾಡಿದರು. ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಸೀಟು ಸಿಗದೆ ಬಸ್ ಹತ್ತಿದವರಿಗೆ ಇದರ ಸಿಟ್ಟು ಗೊತ್ತು. ಆ ವರ್ಷದ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕೇಬೇಕು ಅಂತಾಯ್ತು. ಅಂದರೆ ಮನುಷ್ಯ ಅಂತ ತೋರಿಸಿದರೆ ಸಾಲದು, ಯಾವ ಮನುಷ್ಯ ಅಂತಲೂ ತೋರಿಸಬೇಕು. ಬೆರಳಚ್ಚು ಕೇಳುವ ಕಡೆ ಇನ್ನೊಂದು ಪೇಚು. ಚಾಟ್ನಿ ಮಾಡಿ ಮಾಡಿ ಸವೆದ ಬೆರಳು ಎಷ್ಟು ಸಲ ಒತ್ತಿದರೂ ಮಷೀನು ಒಪ್ಪೋದಿಲ್ಲ.

ನನ್ನ ತಕರಾರು ಇಷ್ಟೇ. ಬಾಟ್ ಹಿಡಿಯೋದು ವೆಬ್‌ಸೈಟ್ ನಡೆಸುವವರ ಕೆಲಸ. ಒಂದೇ ಕಡೆಯಿಂದ ನಿಮಿಷಕ್ಕೆ ಸಾವಿರ ಸಲ ಬಾಗಿಲು ಬಡಿದರೆ ಅದನ್ನು ಸರ್ವರ್‌ನಲ್ಲೇ ತಡೆಯಬಹುದು. ಆ ಕೆಲಸವನ್ನು ಎಪ್ಪತ್ತು ವರ್ಷದ ರೈತನ ಕಣ್ಣಿಗೆ ಹೊರಿಸಿದ್ದೇವೆ. ತನ್ನ ಅರ್ಜಿಯ ಸ್ಥಿತಿ ನೋಡೋಕೆ ಬಂದವನಿಗೆ ಒಂದು ಒಟಿಪಿ ಸಾಲದೇ? ಕ್ಯಾಪ್ಚಾ ಬೇಕೇಬೇಕು ಅಂದರೆ ಕನ್ನಡದಲ್ಲಿ ಒಂದು ಸರಳ ಪ್ರಶ್ನೆ ಕೇಳೋಕೆ ಏನಡ್ಡಿ?

ಮರುದಿನ ಮಾಮಾನ್ನ ಕರಕೊಂಡು ತಿಕೋಟಾದ ಆನ್‌ಲೈನ್ ಅಂಗಡಿಗೆ ಹೋದೆ. ಹತ್ತು ಜನ ಸರದಿಯಲ್ಲಿದ್ದರು. ಅಂಗಡಿ ಹುಡುಗ ನಮ್ಮ ಜೊತೆ ಮಾತಾಡ್ತಾ ಆಡ್ತಾನೇ ಆ ಆರು ಅಕ್ಷರ ಬಡಿದ. ಒಂದೇ ಏಟಿಗೆ ತೆರೀತು. ದಿನಕ್ಕೆ ಇಂಥವು ಎಷ್ಟು ಹೊಡೀತೀಯಪ್ಪ ಅಂದೆ. "ಎಣಿಸಿಲ್ರೀ ಸರ್, ನೂರರ ಮ್ಯಾಲ ಆಗ್ತಾವು."

ಪರದೆ ಮೇಲೆ 'ಪರಿಶೀಲನೆಯಲ್ಲಿದೆ' ಅಂತ ಬಂತು. ಮಾಮಾ ಇಪ್ಪತ್ತು ರೂಪಾಯಿ ಕೊಟ್ಟು ಹೊರಗೆ ಬಂದು, ಬೈಕ್ ಹತ್ತುವಾಗ ಕೇಳಿದರು: "ಅಲ್ಲೋ ತಮ್ಮಾ, ಈಗ ಅದು ಮನಷ್ಯಾ ಅಂತ ಒಪ್ಪಿದ್ದು ನನ್ನನ್ನೋ, ಆ ಹುಡುಗನ್ನೋ?"