ಒಂಟಿ ವೃದ್ಧರೂ ಆಪತ್ಕಾಲದ ಕರೆಗಂಟೆಯೂ



ಮುಪ್ಪು ರೋಗವಲ್ಲ, ದೇಹಧರ್ಮ. ಮುಪ್ಪಿನಲ್ಲಿ ಕಾಲಿನ ಕಸುವು ಕುಂದುವುದು, ಕಣ್ಣು ಮಬ್ಬಾಗುವುದು, ಎದ್ದು ನಿಂತೊಡನೆ ತಲೆ ಸುತ್ತುವುದು. ಇವುಗಳ ದೆಸೆಯಿಂದ ವೃದ್ಧರು ಆಗಾಗ್ಗೆ ಬೀಳುವುದು ಸರ್ವವಿದಿತವಾದ ಮಾತು. ಆದರೆ ಬೀಳುವುದು ಒಂದು ಕೇಡು. ಏಳಲಾರದೆ ಬಿದ್ದಲ್ಲಿಯೇ ಬಿದ್ದಿರುವುದು ಮತ್ತೊಂದು ಕೇಡು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದರ ಕಡೆಗೆ ಲಕ್ಷ್ಯ ಕೊಟ್ಟವರು ವಿರಳ. ಈ ಎರಡನೆಯ ಕೇಡೂ, ಅದರ ನಿವಾರಣೆಗಾಗಿ ಕಳೆದ ಅರ್ಧ ಶತಮಾನದಲ್ಲಿ ಬಳಕೆಗೆ ಬಂದ ಒಂದು ಉಪಾಯವೂ ಇಂದಿನ ಉಪನ್ಯಾಸದ ವಿಷಯವಾಗಿರುವುದು.

ಎಲುಬು ಮುರಿಯದಿದ್ದರೂ, ರಕ್ತ ಸುರಿಯದಿದ್ದರೂ, ಗಟ್ಟಿನೆಲದ ಮೇಲೆ ಬಹಳ ಹೊತ್ತು ಬಿದ್ದಿರುವ ದೇಹಕ್ಕೆ ಅಪಾಯವುಂಟು. ಮೈಭಾರವೆಲ್ಲ ಒಂದೇ ಮಗ್ಗುಲಿನ ಮೇಲೆ ಬಿದ್ದು ಅಲ್ಲಿಯ ಮಾಂಸಖಂಡಗಳು ನಜ್ಜಾಗುತ್ತವೆ. ಅವುಗಳಿಂದ ಹೊರಟ ದ್ರವ್ಯವು ರಕ್ತದಲ್ಲಿ ಬೆರೆತು ಮೂತ್ರಪಿಂಡಗಳನ್ನು ಕೆಡಿಸುವುದುಂಟು. ಒತ್ತಿದ ಚರ್ಮವು ಹುಣ್ಣಾಗುತ್ತದೆ. ನೀರಿಲ್ಲದೆ ದೇಹ ಬತ್ತುತ್ತದೆ. ತಣ್ಣನೆಯ ನೆಲವು ಮೈಯ ಶಾಖವನ್ನು ಹೀರಿಬಿಡುತ್ತದೆ. ಅಲುಗಾಡದೆ ಮಲಗಿದವರ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುವ ಸಂಭವವೂ ಇರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರು 1981ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯು ಈ ಮಾತಿಗೆ ಪ್ರಸಿದ್ಧವಾದ ಸಾಕ್ಷಿ. ಮನೆಯಲ್ಲಿ ಬಿದ್ದು ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದ ಮೇಲಿದ್ದ ವೃದ್ಧರಲ್ಲಿ ಅರ್ಧಾಂಶ ಜನರು ಆರು ತಿಂಗಳೊಳಗಾಗಿ ತೀರಿಕೊಂಡಿದ್ದರು. ಅವರಲ್ಲಿ ಅನೇಕರು ಮೊದಲೇ ಅಶಕ್ತರಾಗಿದ್ದುದರಿಂದ ಎಲ್ಲ ಮರಣಗಳಿಗೂ ಆ ಒಂದು ಗಂಟೆಯೇ ಕಾರಣವೆಂದು ಹೇಳಲಾಗದು. ಆದರೂ ಆ ಗಂಟೆಯನ್ನು ಲಘುವಾಗಿ ಎಣಿಸತಕ್ಕದ್ದಲ್ಲವೆಂಬುದು ಸ್ಪಷ್ಟ.

ಬಿದ್ದವರು ತಾವಾಗಿಯೇ ಏಳಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ 72 ವರ್ಷ ಮೀರಿದ ಜನರನ್ನು ಕುರಿತು ಮೇರಿ ಟಿನೆಟಿ ಎಂಬ ವೈದ್ಯೆಯೂ ಅವರ ಸಹೋದ್ಯೋಗಿಗಳೂ 1993ರಲ್ಲಿ ಪ್ರಕಟಿಸಿದ ವರದಿಯು ಇದಕ್ಕೆ ಉತ್ತರ ಕೊಡುತ್ತದೆ. ಬಿದ್ದರೂ ಪೆಟ್ಟಾಗದವರಲ್ಲಿಯೇ 100ಕ್ಕೆ 47 ಜನರು ಒಮ್ಮೆಯಾದರೂ ಪರಸಹಾಯವಿಲ್ಲದೆ ಏಳಲಾರದೆ ಹೋದರು. ಅಂದಮೇಲೆ ಏಳುವ ಶಕ್ತಿಯು ಗಾಯದ ಮೇಲೆ ಮಾತ್ರ ನಿಂತುದಲ್ಲ. ತೊಡೆಯಲ್ಲಿ, ತೋಳಿನಲ್ಲಿ ಬಲವಿಲ್ಲದಿದ್ದರೆ ಮೈಗೆ ಏನೂ ಆಗದ ಮನುಷ್ಯನೂ ತನ್ನ ಮನೆಯ ಪಡಸಾಲೆಯಲ್ಲಿಯೇ ಸೆರೆಯಾಳಾಗುವನು.

ಹಿಂದೆ ಇಂಥ ಹೊತ್ತಿನಲ್ಲಿ ಒಂದು ಕೂಗು ಸಾಕಾಗುತ್ತಿತ್ತು. ನಡುಮನೆಯಲ್ಲಿ ಸೊಸೆ, ಅಂಗಳದಲ್ಲಿ ಮೊಮ್ಮಕ್ಕಳು, ಗೋಡೆಯಾಚೆ ನೆರೆಯವರು ಇರುತ್ತಿದ್ದರು. ಈಗ ಮಕ್ಕಳು ಉದ್ಯೋಗನಿಮಿತ್ತ ದೂರದ ಪಟ್ಟಣಗಳಿಗೂ ಪರದೇಶಗಳಿಗೂ ಹೋಗಿರುವರು. 2011ರ ಜನಗಣತಿಯ ಕಾಲಕ್ಕೆ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅವರಲ್ಲಿ ಒಂಟಿಯಾಗಿರುವವರೂ, ಮುದಿ ದಂಪತಿಗಳಾಗಿ ಇಬ್ಬರೇ ಇರುವವರೂ ಅನೇಕರು. ಕೂಡುಕುಟುಂಬದವರು ತಮಗೆ ಈ ಚಿಂತೆಯಿಲ್ಲವೆಂದು ಭಾವಿಸಕೂಡದು. ಬೆಳಗಾದೊಡನೆ ಕೆಲವರು ಹೊಲಕ್ಕೆ, ಕೆಲವರು ಕಚೇರಿಗೆ, ಹುಡುಗರು ಶಾಲೆಗೆ ಹೊರಟುಹೋದರೆ ಸಂಜೆಯ ತನಕ ಆ ಮನೆಯ ವೃದ್ಧರೂ ಒಂಟಿಯೇ. ಇನ್ನು ಸ್ವತಂತ್ರವಾಗಿ ತಮ್ಮ ಮನೆಯಲ್ಲಿಯೇ ಇರಬೇಕೆಂಬ ಹಿರಿಯರ ಆಸೆಯನ್ನು ಹಟವೆಂದು ಜರೆಯುವುದು ನ್ಯಾಯವಲ್ಲ. ಬಾಳೆಲ್ಲ ದುಡಿದು ಕಟ್ಟಿದ ಮನೆಯಲ್ಲಿ ತಮ್ಮ ಒಲೆ, ತಮ್ಮ ಹಾಸಿಗೆ, ತಮ್ಮ ಹೊತ್ತುಗೊತ್ತುಗಳೊಡನೆ ಇರಬೇಕೆನ್ನುವುದು ಮಾನವಂತರ ಆಸೆ. ಆ ಆಸೆಯು ಉಳಿದು, ಅಪಾಯವು ಕಡಿಮೆಯಾಗುವ ದಾರಿಯನ್ನು ಹುಡುಕುವುದೇ ಬುದ್ಧಿವಂತರ ಕೆಲಸ.

ಅಂಥ ಒಂದು ದಾರಿಯನ್ನು 1970ರ ದಶಕದಲ್ಲಿ ಎರಡು ದೇಶಗಳಲ್ಲಿ ಹುಡುಕಲಾಯಿತು. ಜರ್ಮನಿಯಲ್ಲಿ ವಿಲ್ಹೆಲ್ಮ್ ಹೊರ್ಮನ್ ಎಂಬಾತನು ಮನೆಯಿಂದಲೇ ಆಪತ್ತಿನ ಕರೆ ಕಳುಹುವ ಏರ್ಪಾಡನ್ನು ರೂಪಿಸಿದನು. ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಅಧ್ಯಾಪಕನಾಗಿದ್ದ ಆಂಡ್ರ್ಯೂ ಡಿಬ್ನರ್ ಎಂಬಾತನು 1974ರಲ್ಲಿ ಲೈಫ್‌ಲೈನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಅಂದಿನಿಂದ ಈ ಕರೆಗಂಟೆಯು ಯೂರೋಪು, ಅಮೆರಿಕಗಳ ಮನೆಮನೆಗೂ ಪರಿಚಿತವಾಯಿತು. ಬ್ರಿಟನ್ ಒಂದರಲ್ಲಿಯೇ ಇಂಥ ಉಪಕರಣಗಳನ್ನು ಅವಲಂಬಿಸಿದವರು ಸುಮಾರು 18 ಲಕ್ಷ ಜನರೆಂದು ಅಲ್ಲಿಯ ಸರಕಾರವು ಎಣಿಸಿರುತ್ತದೆ.

ಇದರ ರಚನೆ ಸರಳವಾದುದು. ಕೊರಳಲ್ಲಿ ದಾರದಿಂದಲೋ, ಮಣಿಕಟ್ಟಿನಲ್ಲಿ ಪಟ್ಟಿಯಿಂದಲೋ ಧರಿಸುವ ಒಂದು ಚಿಕ್ಕ ಗುಂಡಿ. ಅದರೊಳಗೆ ಸಣ್ಣ ಬ್ಯಾಟರಿಯೂ ರೇಡಿಯೋ ಪ್ರೇಷಕವೂ ಇರುತ್ತವೆ. ಗುಂಡಿಯನ್ನು ಅದುಮಿದೊಡನೆ, ಮನೆಯಲ್ಲಿ ಟೆಲಿಫೋನಿಗೆ ಜೋಡಿಸಿಟ್ಟ ಪೆಟ್ಟಿಗೆಯು ಆ ಸಂಕೇತವನ್ನು ಗ್ರಹಿಸಿ ತಾನಾಗಿಯೇ ಒಂದು ಕೇಂದ್ರಕ್ಕೆ ಕರೆ ಮಾಡುವುದು. ಕೇಂದ್ರದಲ್ಲಿ ಹಗಲಿರುಳೂ ಜನರು ಕುಳಿತಿರುವರು. ಕರೆದವರ ಹೆಸರು, ವಿಳಾಸ, ಕಾಯಿಲೆಗಳು, ಮನೆಯ ಬೀಗದ ಕೈ ಯಾರ ಬಳಿಯಿದೆ ಎಂಬ ವಿವರವು ಅವರ ಕಣ್ಣೆದುರಿಗೆ ಬರುವುದು. ಪೆಟ್ಟಿಗೆಯಲ್ಲಿ ದನಿವರ್ಧಕವಿರುವುದರಿಂದ ಬಿದ್ದವರು ಟೆಲಿಫೋನಿನ ಬಳಿಗೆ ತೆವಳಿಕೊಂಡು ಹೋಗಬೇಕಾದುದಿಲ್ಲ. ನೆಲದ ಮೇಲಿಂದಲೇ ಮಾತನಾಡಬಹುದು. ಕೇಂದ್ರದವರು ನೆರೆಯವರನ್ನೋ ಬಂಧುಗಳನ್ನೋ ಆಂಬುಲೆನ್ಸನ್ನೋ ಕಳುಹುವರು. ಉತ್ತರವೇ ಬಾರದಿದ್ದರೆ ಆಪತ್ತು ಹೆಚ್ಚಿನದೆಂದು ತಿಳಿದು ಸಹಾಯವನ್ನು ಕಳುಹುವರು. ಬಚ್ಚಲುಮನೆಯ ಒದ್ದೆ ನೆಲದಲ್ಲಿ ಜಾರುವ ಸಂಭವವು ಹೆಚ್ಚಾದುದರಿಂದ ಗುಂಡಿಯನ್ನು ನೀರು ಹೋಗದಂತೆ ಮಾಡಿರುತ್ತಾರೆ.

ಇಷ್ಟಾದಮೇಲೆ ಕೇಡು ತಪ್ಪಿತೆಂದು ತೋರಬಹುದು. ಆದರೆ ಇಲ್ಲಿಯೇ ವಿಚಾರ ಮಾಡತಕ್ಕ ಸಂಗತಿಯೊಂದುಂಟು. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ 90 ವರ್ಷ ಮೀರಿದ 110 ಜನರನ್ನು ಒಂದು ವರ್ಷದ ತನಕ ಅವಲೋಕಿಸಿ, ಜೇನ್ ಫ್ಲೆಮಿಂಗ್, ಕ್ಯಾರಲ್ ಬ್ರೇನ್ ಎಂಬ ಇಬ್ಬರು ಸಂಶೋಧಕಿಯರು 2008ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಆ ವರ್ಷದಲ್ಲಿ ಬಿದ್ದವರು 66 ಜನ. ಅವರಲ್ಲಿ 53 ಜನರು ಒಮ್ಮೆಯಾದರೂ ಏಳಲಾರದೆ ಹೋದರು. 20 ಜನರು ಒಂದು ಗಂಟೆಯನ್ನೋ ಅದಕ್ಕಿಂತ ಹೆಚ್ಚನ್ನೋ ನೆಲದ ಮೇಲೆ ಕಳೆದರು. ಕರೆಗಂಟೆಯು ಅಲ್ಲಿ ದುರ್ಲಭವಾಗಿರಲಿಲ್ಲ. ಅನೇಕರ ಮನೆಗಳಲ್ಲಿ ಇದ್ದೇ ಇತ್ತು. ಆದರೂ ಬಹಳ ಹೊತ್ತು ಬಿದ್ದಿದ್ದ ಪ್ರಸಂಗಗಳಲ್ಲಿ ಹೆಚ್ಚಿನವುಗಳಲ್ಲಿ ಅದನ್ನು ಯಾರೂ ಅದುಮಿರಲಿಲ್ಲ.

ಇದಕ್ಕೆ ಕಾರಣವೇನು? ಕೆಲವರು ಗುಂಡಿಯನ್ನು ಧರಿಸುವ ರೂಢಿಯನ್ನೇ ಮಾಡಿಕೊಂಡಿರಲಿಲ್ಲ. ಮಂಚದ ಕೋಲಿಗೆ ತೂಗುಬಿಟ್ಟ ಗುಂಡಿಯು ಬಚ್ಚಲಲ್ಲಿ ಬಿದ್ದವರಿಗೆ ಏನು ಪ್ರಯೋಜನ? ಕೆಲವರು ಅದುಮಲು ಯತ್ನಿಸಿ ಸಫಲರಾಗಲಿಲ್ಲ. ಜ್ಞಾಪಕಶಕ್ತಿಯು ತೀರ ಕುಂದಿದವರಿಗೆ ಕೊರಳಲ್ಲಿರುವ ವಸ್ತುವಿನ ನೆನಪೇ ಬಾರದು. ಇವೆಲ್ಲವುಗಳಿಗಿಂತ ವಿಚಾರಾರ್ಹವಾದ ಕಾರಣವು ಬೇರೆಯೊಂದಿದೆ. ಗುಂಡಿಯು ಕೈಯಳತೆಯಲ್ಲಿದ್ದರೂ, ಬುದ್ಧಿಯು ನೆಟ್ಟಗಿದ್ದರೂ, ಬೇಕೆಂದೇ ಅದುಮದೆ ಸುಮ್ಮನಿದ್ದವರೂ ಉಂಟು.

ವೃದ್ಧರ ಮನಸ್ಸನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಸರಿರಾತ್ರಿಯಲ್ಲಿ ಮಗನನ್ನು ಎಬ್ಬಿಸುವುದೇಕೆ, ಬೆಳಗಾದರೆ ಹಾಲಿನವನು ಬಂದೇ ಬರುವನೆಂದು ಒಬ್ಬ ತಾಯಿ ನೆಲದ ಮೇಲೆ ಕಾದಿರುವಳು. ಉಟ್ಟ ಬಟ್ಟೆ ಅಸ್ತವ್ಯಸ್ತವಾಗಿರುವಾಗ ಪರರು ಬಂದು ನೋಡುವುದೆಂದರೆ ಒಬ್ಬ ತಂದೆಗೆ ಸಾವಿಗಿಂತ ಹೆಚ್ಚಿನ ನಾಚಿಕೆ. ಇನ್ನೊಬ್ಬರಿಗೆ ಬೇರೊಂದು ಭಯ: ಬಿದ್ದುದು ಮಕ್ಕಳಿಗೆ ಗೊತ್ತಾದರೆ 'ಇನ್ನು ನೀವು ಒಬ್ಬರೇ ಇರಕೂಡದು' ಎಂದು ಮನೆಗೆ ಬೀಗ ಹಾಕಿಸಿ ಕರೆದೊಯ್ಯುವರು. ಹೀಗೆ ಸ್ವಾತಂತ್ರ್ಯವನ್ನು ಕಾಯಬೇಕಾದ ಗಂಟೆಯೇ ಸ್ವಾತಂತ್ರ್ಯವನ್ನು ಕಸಿಯುವ ದೂತನಂತೆ ಕಾಣತೊಡಗಿದರೆ ಅದನ್ನು ಅದುಮುವವರು ಯಾರು? ಈ ಸಂಕೋಚವನ್ನು ಯಾವ ಯಂತ್ರವೂ ತೆಗೆಯಲಾರದು. ಅದನ್ನು ತೆಗೆಯತಕ್ಕವರು ಮಕ್ಕಳು, ಸೊಸೆಯಂದಿರು, ನೆರೆಯವರು.

ಅದುಮುವ ಅವಶ್ಯಕತೆಯೇ ಇಲ್ಲದ ಉಪಾಯಗಳನ್ನೂ ಕೆಲವರು ಯೋಚಿಸಿರುವರು. ಜಪಾನಿನ ಜೋಜಿರುಶಿ ಎಂಬ ಸಂಸ್ಥೆಯು 2001ರಲ್ಲಿ ಬಿಸಿನೀರಿನ ಪಾತ್ರೆಯೊಂದನ್ನು ಹೊರತಂದಿತು. ವೃದ್ಧರು ಚಹಕ್ಕಾಗಿ ಅದನ್ನು ಬಳಸಿದ ಸುದ್ದಿಯು ದೂರದಲ್ಲಿರುವ ಮಕ್ಕಳಿಗೆ ತಲುಪುತ್ತದೆ. ಬಳಸದೆ ಹೊತ್ತಾದರೆ ಅವರು ವಿಚಾರಿಸಬಹುದು. 2018ರಿಂದ ಆಪಲ್ ಸಂಸ್ಥೆಯ ಕೈಗಡಿಯಾರದಲ್ಲಿ, ಧರಿಸಿದವರು ಜೋರಾಗಿ ಬಿದ್ದುದನ್ನು ಗುರುತಿಸಿ, ಅವರು ಸುಮಾರು ಒಂದು ನಿಮಿಷ ಅಲುಗದಿದ್ದರೆ ತಾನೇ ಕರೆ ಮಾಡುವ ಏರ್ಪಾಡು ಬಂದಿತು. ಇವು ಉಪಯುಕ್ತವಾದುವೇ. ಆದರೆ ಗೋಡೆಯನ್ನು ಹಿಡಿದು ಮೆಲ್ಲನೆ ಕುಸಿದವರನ್ನು ಯಂತ್ರವು ಗುರುತಿಸದೆ ಹೋಗಬಹುದು. ಮೇಜಿಗೆ ಕೈ ಬಡಿದುದನ್ನು ಬಿದ್ದುದೆಂದು ತಪ್ಪು ತಿಳಿಯಲೂಬಹುದು. ಗಡಿಯಾರವನ್ನು ದಿನವೂ ಮರೆಯದೆ ಚಾರ್ಜು ಮಾಡಬೇಕು.

ಗಂಟೆಯು ಯಾವ ತಂತಿಯನ್ನು ನಂಬಿದೆಯೆಂಬುದೂ ಮುಖ್ಯ. ಹಳೆಯ ತಾಮ್ರದ ಟೆಲಿಫೋನ್ ತಂತಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿದ್ದುದರಿಂದ ಮನೆಯ ದೀಪ ಆರಿದರೂ ಟೆಲಿಫೋನ್ ನಡೆಯುತ್ತಿತ್ತು. ಇಂಟರ್‌ನೆಟ್ಟಿನ ಮೂಲಕ ನಡೆಯುವ ಹೊಸ ಟೆಲಿಫೋನಿಗೆ ಮನೆಯ ವಿದ್ಯುತ್ತೇ ಆಧಾರ. ಬ್ರಿಟನ್ನಿನಲ್ಲಿ ಹಳೆಯ ತಂತಿಗಳನ್ನು ಬದಲಿಸುವಾಗ ಕೆಲವರ ಕರೆಗಂಟೆಗಳು ಕೆಲಸಮಾಡದೆ ಹೋಗಿ ಅನಾಹುತಗಳಾದುವು. ಆ ಕಾರಣ 2023ರ ಡಿಸೆಂಬರಿನಲ್ಲಿ ಅಲ್ಲಿಯ ಟೆಲಿಫೋನ್ ಸಂಸ್ಥೆಗಳು ಅಶಕ್ತ ಗ್ರಾಹಕರ ರಕ್ಷಣೆಯ ಕರಾರಿಗೆ ಸಹಿ ಹಾಕಿದುವು. 2025ರ ಅಂತ್ಯಕ್ಕೆ ಮುಗಿಯಬೇಕಾಗಿದ್ದ ಆ ಬದಲಾವಣೆಯ ಗಡುವನ್ನು 2024ರಲ್ಲಿ 2027ರ ಜನವರಿಯ ತನಕ ಮುಂದಕ್ಕೆ ಹಾಕಲಾಯಿತು. ಕರೆಂಟು ಹೋಗುವುದು ನಿತ್ಯದ ಮಾತಾಗಿರುವ ಊರುಗಳವರು ಈ ಪಾಠವನ್ನು ಮರೆಯತಕ್ಕದ್ದಲ್ಲ. ಕರೆಗಂಟೆಯನ್ನು ತಿಂಗಳಿಗೊಮ್ಮೆಯಾದರೂ ಅದುಮಿ ಪರೀಕ್ಷಿಸಬೇಕು.

ಈ ನಾಡಿನಲ್ಲಿ ಹಣವುಳ್ಳವರು ಇಂಥ ಉಪಕರಣಗಳನ್ನು ಕೊಳ್ಳಬಹುದು. ಕೊಳ್ಳಲಾರದವರಿಗೂ ಕೈಯಲ್ಲಿಯೇ ಒಂದು ಸಾಧನವಿದೆ. ಭಾರತ ಸರಕಾರವು 2016ರಲ್ಲಿ ಮಾಡಿದ ನಿಯಮದ ಪ್ರಕಾರ, 2017ರ ಜನವರಿ 1ರಿಂದ ಮಾರಾಟವಾಗುವ ಸಾದಾ ಮೊಬೈಲುಗಳಲ್ಲಿ 5 ಅಥವಾ 9ರ ಕೀಲಿಯನ್ನು ಒತ್ತಿ ಹಿಡಿದರೆ ಆಪತ್ತಿನ ಕರೆ ಹೋಗಬೇಕು. ಸ್ಮಾರ್ಟ್‌ಫೋನುಗಳಲ್ಲಿ ಪವರ್ ಬಟನ್ನನ್ನು ಬೇಗಬೇಗನೆ ಮೂರು ಸಲ ಅದುಮಬೇಕು. ಆಪತ್ತಿಗೆ ನೇರವಾಗಿ ಕರೆಯತಕ್ಕ ಸಂಖ್ಯೆ 112. ಹಿರಿಯರಿಗಾಗಿ 2021ರಲ್ಲಿ ದೇಶಾದ್ಯಂತ ಏರ್ಪಟ್ಟ ಎಲ್ಡರ್‌ಲೈನ್ 14567 ಎಂಬುದು ಸಲಹೆ, ಮಾಹಿತಿ, ನಿರಾಶ್ರಿತರ ನೆರವುಗಳಿಗಾಗಿ ಇರುವುದೇ ಹೊರತು ನಡುರಾತ್ರಿಯಲ್ಲಿ ಬಿದ್ದವರನ್ನು ಎತ್ತುವುದಕ್ಕಲ್ಲ. ಈ ಭೇದವನ್ನು ಹಿರಿಯರಿಗೆ ಮೊದಲೇ ತಿಳಿಸಿ, ಯಾವ ಕೀಲಿಯನ್ನು ಒತ್ತಬೇಕೆಂಬುದನ್ನು ಅವರ ಕೈಯಿಂದಲೇ ಮಾಡಿಸಿ ನೋಡಬೇಕು. ಮೊಬೈಲನ್ನು ಚೀಲದಲ್ಲಿ ಹಾಕಿ ಮೈಮೇಲೆಯೇ ಇಟ್ಟುಕೊಳ್ಳುವ ರೂಢಿಯಾಗಬೇಕು.

ಮತ್ತೊಂದು ಮಾತು. ಕರೆ ತಲುಪಿ ಜನರು ಓಡಿಬಂದರೂ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿದ್ದರೆ ಮಾಡುವುದೇನು? ಕಳ್ಳರಿಗೆ ಹೆದರಿ ಹಾಕಿದ ಚಿಲಕವು ಕಾಯಲು ಬಂದವರನ್ನೂ ಹೊರಗೇ ನಿಲ್ಲಿಸುವುದು. ಬ್ರಿಟನ್ನಿನಲ್ಲಿ ಇದಕ್ಕಾಗಿ ಹೊರಗೋಡೆಗೆ ಸಂಖ್ಯೆಯಿಂದ ತೆರೆಯುವ ಚಿಕ್ಕ ಪೆಟ್ಟಿಗೆಯನ್ನು ಕೂಡಿಸಿ ಅದರಲ್ಲಿ ಬೀಗದ ಕೈಯನ್ನಿಡುವರು. ಇಲ್ಲಿ ಒಳಗಿನ ಅಗುಳಿಗೆ ಬದಲಾಗಿ ಹೊರಗಿನಿಂದಲೂ ಕೈ ಹಾಕಿ ತೆಗೆಯಬಹುದಾದ ಬೀಗವನ್ನು ಹಾಕಿಸಿ, ಎರಡನೆಯ ಕೈಯನ್ನು ನಂಬಿಗೆಯ ನೆರೆಯವರಲ್ಲಿ ಕೊಟ್ಟಿರುವುದು ಉತ್ತಮ. ಬಚ್ಚಲಿಗೆ ಒಳಚಿಲಕ ಹಾಕದಿರುವುದು ಇನ್ನೂ ಉತ್ತಮ. ಇದಕ್ಕೆ ತಗಲುವ ವೆಚ್ಚ ಅಲ್ಪ. ಬೇಕಾದುದು ನೆರೆಹೊರೆಯ ವಿಶ್ವಾಸ.

ಸಭಾಸದರೇ, ಗಂಟೆಯು ತಾನಾಗಿ ಯಾರನ್ನೂ ಎತ್ತಲಾರದು. ಅದು ಒಬ್ಬರ ಕೂಗನ್ನು ಮತ್ತೊಬ್ಬರ ಕಿವಿಗೆ ಮುಟ್ಟಿಸುತ್ತದೆ, ಅಷ್ಟೆ. ಈಚೆಯ ತುದಿಯಲ್ಲಿ ಸಂಕೋಚವಿಲ್ಲದೆ ಕರೆಯುವ ಮನಸ್ಸೂ, ಆಚೆಯ ತುದಿಯಲ್ಲಿ ಬೇಸರವಿಲ್ಲದೆ ಬರುವ ಮನುಷ್ಯನೂ ಇದ್ದರೆ ಮಾತ್ರ ಅದು ಸಾರ್ಥಕ. ಆದುದರಿಂದ ಹೆತ್ತವರ ಕೊರಳಿಗೆ ಗುಂಡಿಯನ್ನು ಕಟ್ಟುವ ಮಕ್ಕಳು ಅದರ ಜೊತೆಗೆ ಎರಡು ಮಾತುಗಳನ್ನೂ ಕೊಡತಕ್ಕದ್ದು. 'ಎಷ್ಟು ಹೊತ್ತಿಗೆ ಕರೆದರೂ ನಮಗೆ ತೊಂದರೆಯಿಲ್ಲ' ಎಂಬುದು ಮೊದಲನೆಯದು. 'ಒಮ್ಮೆ ಬಿದ್ದ ಮಾತ್ರಕ್ಕೆ ನಿಮ್ಮನ್ನು ನಿಮ್ಮ ಮನೆಯಿಂದ ಬಿಡಿಸುವುದಿಲ್ಲ' ಎಂಬುದು ಎರಡನೆಯದು. ಗಂಟೆಯು ತಪ್ಪಿ ಬಾರಿಸಿ ವ್ಯರ್ಥವಾಗಿ ಓಡಿಬಂದ ರಾತ್ರಿ ಗದರಿದರೆ, ನಿಜವಾಗಿ ಬಿದ್ದ ರಾತ್ರಿ ಆ ಗಂಟೆ ಬಾರಿಸದು. ಅಂದು ನಗುಮುಖದಿಂದ ಒಂದು ಲೋಟ ನೀರು ಕೊಟ್ಟು ಹಿಂದಿರುಗುವ ಮಗನೇ ಆ ಕರೆಗಂಟೆಗೆ ನಿಜವಾದ ಬಲವನ್ನು ತುಂಬುವವನು.