ಕಂಪ್ಯೂಟರಿನ ಇಂಟರ್‌ನೆಟ್ ಸಂಪರ್ಕ ಕಡಿದಾಗ



ಪಹಣಿ ಪಡೆಯಲು, ಪೇಟೆ ಧಾರಣೆ ತಿಳಿಯಲು, ಬೆಳೆ ವಿಮೆಗೆ ಹೆಸರು ನೋಂದಾಯಿಸಲು ಇಂದು ಇಂಟರ್‌ನೆಟ್ ಬೇಕು. ನೋಂದಣಿಯ ಕೊನೆಯ ದಿನವೇ ಸಂಪರ್ಕ ಕಡಿದರೆ ಆ ಹಂಗಾಮಿನ ವಿಮೆಯೇ ಕೈತಪ್ಪಬಹುದು. ಆದುದರಿಂದ ದೋಷವೆಲ್ಲಿದೆ ಎಂದು ಪತ್ತೆಹಚ್ಚುವ ಕ್ರಮವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ಅರಿತಿರುವುದು ಲೇಸು.

ಹನಿ ನೀರಾವರಿಯಲ್ಲಿ ಒಂದು ಗಿಡಕ್ಕೆ ನೀರು ಬಾರದಿದ್ದರೆ ಯಾರೂ ಕೂಡಲೇ ಮೋಟಾರು ಬಿಚ್ಚುವುದಿಲ್ಲ. ಪಕ್ಕದ ಗಿಡಕ್ಕೆ ನೀರು ಬರುತ್ತಿದೆಯೇ, ಇಡೀ ಸಾಲಿಗೆ ಬರುತ್ತಿದೆಯೇ ಎಂದು ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ: ಹತ್ತಿರದಿಂದ ದೂರಕ್ಕೆ ಹೋಗಬೇಕು.

1. ಮೊಬೈಲಿನ ಡೇಟಾ ಆರಿಸಿ, ಅದನ್ನು ಅದೇ ರೂಟರಿನ ವೈಫೈಗೆ ಜೋಡಿಸಿ ನೋಡಿರಿ. ಮೊಬೈಲಿನಲ್ಲಿ ಇಂಟರ್‌ನೆಟ್ ಬಂದರೆ ದೋಷವಿರುವುದು ಕಂಪ್ಯೂಟರಿನಲ್ಲಿ ಅಥವಾ ಅದರ ಕೇಬಲ್ಲಿನಲ್ಲಿ. ಕೇಬಲ್ಲನ್ನು ಎರಡೂ ತುದಿಗಳಲ್ಲಿ ಬಿಚ್ಚಿ, 'ಟಿಕ್' ಎನ್ನುವಂತೆ ಮತ್ತೆ ಸಿಕ್ಕಿಸಿರಿ.

2. ಎರಡರಲ್ಲೂ ಬಾರದಿದ್ದರೆ ರೂಟರಿನ ದೀಪಗಳನ್ನು ನೋಡಿರಿ. ಒಂದೂ ಉರಿಯದಿದ್ದರೆ ಪ್ಲಗ್ಗು, ಅಡಾಪ್ಟರುಗಳನ್ನು ಪರೀಕ್ಷಿಸಿರಿ. ಫೈಬರ್ ಸಂಪರ್ಕದಲ್ಲಿ 'ಎಲ್‌ಒಎಸ್' ಎಂಬ ಕೆಂಪು ದೀಪ ಉರಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಫೈಬರ್ ಮಡಿಚಿಕೊಂಡಿದ್ದರೆ ಸಡಿಲಿಸಿರಿ. ಅದರ ತುದಿಯನ್ನು ಕಣ್ಣಿಟ್ಟು ನೋಡಬಾರದು. ಕಾಣದ ಲೇಸರ್ ಬೆಳಕು ಕಣ್ಣಿಗೆ ಅಪಾಯಕರ. ಮುಂದಿನ ಕೆಲಸ ಕಂಪನಿಯ ತಂತ್ರಜ್ಞರದು.

3. ಕೆಂಪು ದೀಪ ಇಲ್ಲದಿದ್ದರೆ ರೂಟರನ್ನು ಅರ್ಧ ನಿಮಿಷ ಆರಿಸಿ, ಪುನಃ ಹಾಕಿ, ಐದು ನಿಮಿಷ ಕಾಯಿರಿ. ಹಿಂಬದಿಯ ಸಣ್ಣ ರಂಧ್ರದೊಳಗಿನ 'ರೀಸೆಟ್' ಗುಂಡಿಯನ್ನು ಮಾತ್ರ ಒತ್ತಬೇಡಿರಿ. ಒತ್ತಿದರೆ ಕಂಪನಿಯವರು ಹಾಕಿಕೊಟ್ಟ ಹೆಸರು, ಗುಪ್ತಪದಗಳೆಲ್ಲ ಅಳಿಸಿಹೋಗಬಹುದು.

4. ಕಂಪ್ಯೂಟರ್ ಬಲ್ಲವರಿದ್ದರೆ 'ಪಿಂಗ್' ಆದೇಶ ಕೊಡಲಿ. ಮೊದಲು ರೂಟರಿನ ವಿಳಾಸಕ್ಕೆ (ಹಲವು ಕಡೆ ಇದು 192.168.1.1), ನಂತರ 8.8.8.8ಕ್ಕೆ. ಮೊದಲನೆಯದು ಉತ್ತರಿಸಿ ಎರಡನೆಯದು ಸುಮ್ಮನಿದ್ದರೆ ದೋಷ ಸಾಮಾನ್ಯವಾಗಿ ರೂಟರಿನಿಂದಾಚೆಗೆ. ಎರಡೂ ಉತ್ತರಿಸಿ, ತಾಣದ ಹೆಸರು ಹಾಕಿದಾಗ ಮಾತ್ರ ತೆರೆಯದಿದ್ದರೆ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸುವ 'ಡಿಎನ್‌ಎಸ್' ವ್ಯವಸ್ಥೆಯಲ್ಲಿ ದೋಷವಿರಬಹುದು. ಕಂಪ್ಯೂಟರಿನ ಸ್ವಂತ ವಿಳಾಸ 169.254 ಎಂದು ಆರಂಭವಾದರೆ ಅದಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ.

ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ ಪ್ರತಿಸಲದ ವೇಳೆಯನ್ನು ಬರೆದಿಡಿರಿ. ತ್ರೀಫೇಸ್ ವಿದ್ಯುತ್ ಬಂದು ಪಂಪ್‌ಸೆಟ್‌ಗಳು ಶುರುವಾಗುವ ಹೊತ್ತಿಗೇ ಕಡಿಯುತ್ತಿದ್ದರೆ, ವೋಲ್ಟೇಜ್ ಕುಸಿದು ರೂಟರ್ ಆರಿ ಹತ್ತುತ್ತಿರಬಹುದು. ಅಡಾಪ್ಟರಿನ ಮೇಲೆ ನಮೂದಿಸಿದ ವೋಲ್ಟಿಗೆ ಹೊಂದುವ ಸಣ್ಣ ಯುಪಿಎಸ್ ಇದಕ್ಕೆ ಪರಿಹಾರ. ಗೋಡೆ ದಪ್ಪವಿದ್ದರೆ ಅಥವಾ ನಡುವೆ ತಗಡು ಇದ್ದರೆ ವೈಫೈ ಕುಗ್ಗುತ್ತದೆ. ರೂಟರನ್ನು ಎತ್ತರದ, ತೆರೆದ ಜಾಗದಲ್ಲಿಡಿರಿ. ಗುಡುಗು ಮಿಂಚು ಸಮೀಪಿಸುವ ಮೊದಲೇ ಪ್ಲಗ್ಗು ತೆಗೆದಿಡಿರಿ.

ದೂರು ಕೊಡುವಾಗ "ನೆಟ್ ಇಲ್ಲ" ಎಂದಷ್ಟೇ ಹೇಳದೆ, ಎಷ್ಟು ಹೊತ್ತಿಗೆ ಕಡಿಯಿತು, ಯಾವ ದೀಪ ಉರಿಯುತ್ತಿದೆ, ಮೊಬೈಲಿನಲ್ಲಿ ಬಂತೇ ಎಂಬುದನ್ನು ತಿಳಿಸಿರಿ. ದುರಸ್ತಿ ಬೇಗ ಆಗುತ್ತದೆ. ಇಷ್ಟೆಲ್ಲ ಮಾಡಿಯೂ ಫೈಬರ್ ಎಲ್ಲೋ ತುಂಡಾಗಿದ್ದರೆ ಕಾಯದೆ ಗತ್ಯಂತರವಿಲ್ಲ. ಆದ್ದರಿಂದ ವಿಮೆಯಂಥ ಕೆಲಸವನ್ನು ಕೊನೆಯ ದಿನಕ್ಕೆ ಉಳಿಸದೆ, ವಾರ ಮೊದಲೇ ಮುಗಿಸಿರಿ.