ರಜೆಯ ದಿನಗಳ ಓದು
(ಕೆರೆಬಿಳಚಿಯಲ್ಲಿ ಮಾಡಿದ ಭಾಷಣ)



ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದರೆ ಮೇ ಕೊನೆಯವರೆಗೆ ನಿಮ್ಮಲ್ಲಿ ಹಲವರು ಪುಸ್ತಕ ಮುಟ್ಟುವುದಿಲ್ಲ. ಹುಡುಗರಿಗೆ ಅಡಿಕೆ ತೋಟಕ್ಕೆ ನೀರು ಕಟ್ಟುವ ಕೆಲಸ, ಹುಡುಗಿಯರಿಗೆ ಮನೆಗೆಲಸ. ಕೆಲಸ ಕಲಿಯುವುದು ಒಳ್ಳೆಯದೇ. ಆದರೆ ದಿನಕ್ಕೆ ಒಂದು ಗಂಟೆಯ ಬಿಡುವನ್ನು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೊಡಿರೆಂದು ಹಿರಿಯರಲ್ಲಿ ಬೇಡುತ್ತೇನೆ. ಆ ಗಂಟೆಯಲ್ಲಿ ಮುಂದಿನ ತರಗತಿಯ ಪಾಠವನ್ನು ಹೇರಬೇಡಿ.

ಮಿತ್ರರೇ, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ. ವಿದ್ಯಾರ್ಥಿಗಳೊಡನೆ ಪಶ್ಚಿಮಘಟ್ಟದ ಕಾಡು ಸುತ್ತಿದ ಸಸ್ಯವಿಜ್ಞಾನಿಯ ಬರಹವದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಲ್ಯಾಟಿನ್ ಹೆಸರುಗಳು ಎದುರಾದರೆ ಹೆದರಬೇಡಿ, ದಾಟಿಹೋಗಿ, ನಗುವಿಗೇನೂ ಕೊರತೆಯಿಲ್ಲ. ಹಾರುವ ಓತಿಯ ಬೆನ್ನುಹತ್ತಿದವರ ಕಥೆಯಾದ ತೇಜಸ್ವಿಯವರ ‘ಕರ್ವಾಲೊ’ ಇನ್ನೂ ಸರಳ. ಓದಿದ ಮೇಲೆ ಸೂಳೆಕೆರೆಯ ಏರಿಯ ಮೇಲೆ ನಡೆದುನೋಡಿ; ನಿತ್ಯ ಕಂಡ ಹಕ್ಕಿಗೂ ಜೊಂಡಿಗೂ ಹೆಸರು ಕೇಳುವ ಮನಸ್ಸಾಗುತ್ತದೆ.

ಪುಸ್ತಕಕ್ಕೆ ದುಡ್ಡೆಲ್ಲಿ ಎನ್ನುವಿರಾ? 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವದ ಬಾಗಿಲು ತೆರೆಯಿತು. ಹರಿದೀತೆಂಬ ಭಯದಿಂದ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರೂ ಉಂಟು. ಹರಿಯಲಿ ಬಿಡಿ, ಅಂಟಿಸೋಣ. ಕೇಳಿದ ಪುಸ್ತಕ ಅಲ್ಲಿಲ್ಲದಿದ್ದರೆ ಅದರ ಹೆಸರು ಬರೆದು, ನಾಲ್ಕು ಜನ ಸಹಿ ಮಾಡಿ, ಪಂಚಾಯಿತಿಗೆ ಕೊಡಿ.